ಅಪ್‌ಡೇಟ್: ಬರ್ನಿನಾ ದಾರಿಯಲ್ಲೇ ಮಿಲಾನ್ ತಲುಪಿದೆವು

ಅಪ್ಪ ಅಮ್ಮನ ಜೊತೆ ಜ್ಯೂರಿಕ್‌ನಿಂದ ಮಿಲಾನ್‌ಗೆ ಯಾವ ರೈಲು ದಾರಿ ಒಳ್ಳೆಯದು ಎಂದು ಇಲ್ಲಿ ಕೇಳಿದ್ದೆನಲ್ಲ, ಹೋಗಿ ಬಂದೆವು. 57 ಕಿ.ಮೀ. ಗೊಟಾರ್ಡ್ ಸುರಂಗದ ನೇರ ರೈಲು ಬಿಟ್ಟು, ನೀವು ಹೇಳಿದಂತೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಿಂದ ಬರ್ನಿನಾ ಬೆಟ್ಟದ ದಾರಿಯಾಗಿ ಇಟಲಿಯ ಟಿರಾನೊ ಕಡೆಗೆ ಹೊರಟೆವು. ಆ ದಾರಿಯ ಪ್ರವಾಸಿ ರೈಲಾದ ಬರ್ನಿನಾ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಕಾಯ್ದಿರಿಸಲೇಬೇಕು, ನಮಗೆ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು! ಅದೇ ಹಳಿಯ ಸಾಮಾನ್ಯ ರೈಲಿಗೆ ಆ ಕಟ್ಟುಪಾಡಿಲ್ಲ, ಕಿಟಕಿಯನ್ನೂ ಇಳಿಸಬಹುದಿತ್ತು. 2,253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾ ನಿಲ್ದಾಣದಲ್ಲಿ ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಸರೋವರವನ್ನೇ ನೋಡುತ್ತಾ ನಿಂತುಬಿಟ್ಟರು. ಬ್ರೂಸಿಯೊದ ಸುರುಳಿ ಸೇತುವೆಯಲ್ಲಿ ನಮ್ಮದೇ ರೈಲಿನ ಮುಂದಿನ ಬೋಗಿ ಕಮಾನಿನ ಕೆಳಗೆ ನುಸುಳುವುದನ್ನು ಅಪ್ಪ ಬೆರಳು ಮಾಡಿ ತೋರಿಸಿದರು. ಟಿರಾನೊದಿಂದ ಮುಂದೆ ಮಿಲಾನ್‌ಗೆ ಪ್ರಾದೇಶಿಕ ರೈಲು. ಅದಕ್ಕೂ ಸೀಟು ಕಾಯ್ದಿರಿಸುವುದು ಬೇಡ. ಕಾಗದದ ಟಿಕೆಟ್‌ಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಲು ನೆನಪಿಸಿದವರಿಗೆ ಅಮ್ಮನ ಪರವಾಗಿಯೂ ಧನ್ಯವಾದ.