ಸಹಾಯ ಬೇಕು: ಅಮ್ಮನ ಸೊಂಟದ ಕೀಲು ಮತ್ತೆ ಜಾರಿದರೆ ಏನು ಮಾಡಬೇಕು?

ನಮ್ಮದು ಪಾಂಡವಪುರದ ಹತ್ತಿರ ಹಳ್ಳಿ. ಅಮ್ಮನಿಗೆ 2 ತಿಂಗಳ ಹಿಂದೆ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗಿತ್ತು. ಹೋದ ವಾರ ತಗ್ಗು ಮಣೆಯಿಂದ ಏಳುವಾಗ ಟಕ್ ಅಂದಿತು, ಜೀವ ಹೋಗುವಷ್ಟು ನೋವು, ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿಕೊಂಡಿತ್ತು. ದೊಡ್ಡಪ್ಪ ನಾಟಿ ವೈದ್ಯರ ಹತ್ತಿರ ಎಳೆಸೋಣ ಅಂದರು. ನಾನು ಒಪ್ಪಲಿಲ್ಲ, ಸುಮ್ನೆ ಎಳೆದರೆ ಮೂಳೆ, ನರಕ್ಕೆ ಪೆಟ್ಟಾಗುತ್ತೆ ಅಲ್ವಾ? ತಿನ್ನಲು ಕುಡಿಯಲು ಏನೂ ಕೊಡದೆ 108ಕ್ಕೆ ಫೋನ್ ಮಾಡಿ ಮೈಸೂರಿಗೆ ಕರೆದುಕೊಂಡು ಹೋದೆವು, ಅಲ್ಲಿ ಮಂಪರು ಕೊಟ್ಟು ಜಾರಿದ ಕೀಲನ್ನು ಮತ್ತೆ ಕೂರಿಸಿದರು.

ಈಗ ಎತ್ತರದ ಕುರ್ಚಿ ತಂದಿದ್ದೇವೆ, ಮಲಗುವಾಗ ಕಾಲುಗಳ ನಡುವೆ ದಿಂಬು ಇಡುತ್ತೇವೆ. ಆದರೆ ನಮ್ಮ ಓಣಿಗೆ ಆಂಬುಲೆನ್ಸ್ ಬರುವುದಿಲ್ಲ, ರಸ್ತೆವರೆಗೆ ನಾವೇ ಎತ್ತಿಕೊಂಡು ಹೋಗಬೇಕು. ಮತ್ತೆ ಜಾರಿದರೆ, ತಿರುಗಿದ ಕಾಲನ್ನು ಇದ್ದ ಹಾಗೇ ಇನ್ನೊಂದು ಕಾಲಿಗೆ ಸೇರಿಸಿ ಕಟ್ಟಬೇಕೋ, ಬರೀ ದಿಂಬಿನ ಒತ್ತು ಸಾಕೋ? ನರ್ಸ್‌ಗಳು, ಅನುಭವ ಇರುವವರು ದಯವಿಟ್ಟು ಹೇಳಿ.