ಸಹಾಯ ಬೇಕು: ಎದ್ದು ಬಂದು ತಿನ್ನುವ ಹೆಣಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜಾರ್ಜ್ ರೊಮೆರೊ ಅವರ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಇಂಗ್ಲಿಷ್ ಬಾರದ ಅಪ್ಪನಿಗೆ ತೋರಿಸಬೇಕೆಂಬ ಆಸೆಯಿಂದ ಶುರುವಾದ ಕೆಲಸ ಇದು.

ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಇಂದಿನ ಜಾಂಬಿ (ಎದ್ದು ಬಂದು ಮನುಷ್ಯರನ್ನು ತಿನ್ನುವ ಹೆಣ) ಚಿತ್ರಗಳಿಗೆಲ್ಲ ತಾಯಿಬೇರಾದ ಈ ಚಿತ್ರದಲ್ಲಿ 'ಜಾಂಬಿ' ಎಂಬ ಮಾತೇ ಇಲ್ಲ! ಅದರಲ್ಲಿ ವಾರ್ತೆ ಓದುವವರು 'ಘೂಲ್' ಅನ್ನುತ್ತಾರೆ. ಅರಬ್ ಕಥೆಗಳಿಂದ ಬಂದ, ಹೆಣ ತಿನ್ನುವ ಪಿಶಾಚಿಯ ಹೆಸರದು. ಜಾಂಬಿ ಎಂಬ ಹೆಸರು ಕೆರಿಬಿಯನ್ ದೇಶವಾದ ಹೈಟಿಯದು, ಅಲ್ಲಿನ ನಂಬಿಕೆಯಲ್ಲಿ ಅದು ಮನುಷ್ಯರನ್ನು ತಿನ್ನುವುದಿಲ್ಲ, ಮಂತ್ರವಾದಿಯ ಹಿಡಿತದಲ್ಲಿ ಜೀತ ಮಾಡುತ್ತದೆ. ಹಾಗಾಗಿ 'ಜಾಂಬಿ' ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

'ಬೇತಾಳ' ಹೆಣದೊಳಗೆ ಹೊಕ್ಕು ಕೂರುವುದೇನೋ ನಿಜ. ಆದರೆ ವಿಕ್ರಮನ ಹೆಗಲೇರಿದ ಬೇತಾಳ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಈ ಚಿತ್ರದ ಹೆಣಗಳಿಗೆ ಮಾತೇ ಬಾರದು. 'ಪಿಶಾಚಿ' ಎಂದರೆ ಮೈಯಿಲ್ಲದ ದೆವ್ವವೆಂದು ಅಪ್ಪ ತಿಳಿಯುತ್ತಾರೆ. 'ನರಭಕ್ಷಕ ಹೆಣ' ಅರ್ಥಕ್ಕೆ ಸರಿ, ಓದುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ.

ನಿಮ್ಮ ಕಡೆ, ಅಜ್ಜಿ ಹೇಳಿದ ಕಥೆಗಳಲ್ಲಿ, ಇಂಥದ್ದಕ್ಕೆ ಹೆಸರಿತ್ತೇ? ಮೂರ್ನಾಲ್ಕು ಅಕ್ಷರದ್ದಾದರೆ ಬಹಳ ಅನುಕೂಲ. ಯಾವ ಸೀಮೆಯ ಮಾತು ಎಂಬುದನ್ನೂ ದಯವಿಟ್ಟು ಬರೆಯಿರಿ. ಹಿಂದೆ ಸಬ್‌ಟೈಟಲ್ ಮಾಡಿದವರಿದ್ದರೆ ನನ್ನ ಮೊದಲ ಹತ್ತು ನಿಮಿಷದ ಕರಡನ್ನು ನೋಡಿಕೊಡುವಿರಾ?