ರಾತ್ರಿ 1ರವರೆಗೆ ಬಾರ್: ಯುವಜನರ ಕುಡಿತ ಹೆಚ್ಚುವುದೇ?

ಪ್ರಶ್ನೆ:
2024ರ ಆಗಸ್ಟ್‌ನಲ್ಲಿ ಸರ್ಕಾರವು ಬೆಂಗಳೂರಿನ ಪಾಲಿಕೆ ವ್ಯಾಪ್ತಿಯ ಬಾರ್‌ಗಳನ್ನು ರಾತ್ರಿ 1ರವರೆಗೆ ತೆರೆದಿಡಲು ಅನುಮತಿ ನೀಡಿತು. ಇದರಿಂದ ಕಾಲೇಜು ವಯಸ್ಸಿನವರ ಕುಡಿತ ಹೆಚ್ಚುವುದೇ, ಅಥವಾ ಇದು ಹಿರಿಯರಾದ ನಮ್ಮ ಆತಂಕ ಮಾತ್ರವೇ?

ಉತ್ತರ 1:
ಬೇಗ ಮುಚ್ಚಿಸಿದರೆ ಕುಡಿತ ತಗ್ಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1916ರಿಂದ 1955ರವರೆಗೆ ಬಾರ್‌ಗಳು ಸಂಜೆ 6ಕ್ಕೇ ಮುಚ್ಚುತ್ತಿದ್ದುದರಿಂದ, ಕೆಲಸ ಮುಗಿಸಿ ಬಂದವರು ಉಳಿದ ಅಲ್ಪ ಸಮಯದಲ್ಲೇ ಗಟಗಟನೆ ಕುಡಿದು ತೂರಾಡುತ್ತ ಬೀದಿಗೆ ಬರುತ್ತಿದ್ದರು.

ಉತ್ತರ 2:
ಹಾಗೆಂದು ಸಮಯಕ್ಕೂ ಹಾನಿಗೂ ಸಂಬಂಧವೇ ಇಲ್ಲ ಎನ್ನಲಾಗದು. ಅದೇ ರಾಜ್ಯದ ನ್ಯೂಕ್ಯಾಸಲ್ ನಗರದಲ್ಲಿ ಬೆಳಗಿನ ಜಾವ 5ರವರೆಗೆ ನಡೆಯುತ್ತಿದ್ದ ಬಾರ್‌ಗಳನ್ನು 2008ರಲ್ಲಿ 3.30ಕ್ಕೆ ಮುಚ್ಚಿಸಿದ ಮೇಲೆ ರಾತ್ರಿಯ ಹಲ್ಲೆಗಳು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದವು.

ಉತ್ತರ 3:
ನನ್ನ ಚಿಂತೆ ಮನೆಗೆ ಮರಳುವುದರದು. 1 ಗಂಟೆಗೆ ಮೆಟ್ರೊ ಇರುವುದಿಲ್ಲ, ಆಟೊದವರು ಕೇಳುವ ದರವಂತೂ ತಿಳಿದದ್ದೇ. ಆಗ ಹುಡುಗರು ಬೈಕ್ ಹತ್ತುತ್ತಾರೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯಸಾರ ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಇವೆ. ಬಾರ್ ಸಮಯ ವಿಸ್ತರಿಸುವವರು ರಾತ್ರಿ ಬಸ್ಸುಗಳನ್ನೂ ವಿಸ್ತರಿಸಬೇಕಿತ್ತು.